ಜಾರ್ಲತ್‌ನ ಮೈಯೊಳಗಿನ ಕಬ್ಬಿಣ

ನನ್ನ ಗಂಡ ಜಾರ್ಲತ್ ಜೀವಮಾನದಲ್ಲಿ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಮೇಯೋ ಜಿಲ್ಲೆಯ ಈ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷದಿಂದ ಟಪಾಲು ಹಂಚುತ್ತಿದ್ದಾನೆ. ಕ್ರಿಸ್‌ಮಸ್ ವಾರ ಬಂದರೆ ಮನೆಮನೆಯಲ್ಲೂ ವಿಸ್ಕಿ ಸುರಿದಿಟ್ಟು ಕಾಯುತ್ತಾರೆ. ಇವನು ಮಾತ್ರ ಚಹಾ ಕುಡಿದು ಕುಡಿದು ಹೊಟ್ಟೆ ಡೊಳ್ಳು ಮಾಡಿಕೊಂಡು ಬರುತ್ತಾನೆ. ಅಂಥವನಿಗೆ ಐವತ್ತೊಂದನೇ ವಯಸ್ಸಿನಲ್ಲಿ ಲಿವರ್ ಊದಿಕೊಂಡಿತು.

ಊರ ಬಾಯಿಗೆ ಬೀಗ ಹಾಕುವವರಾರು? ಟಪಾಲು ವ್ಯಾನಿನಲ್ಲೇ ಬಾಟಲಿ ಇಟ್ಟಿರಬೇಕು ಎಂದರು. ಅಪ್ಪನ ಚಾಳಿ ಮಗನಿಗೆ ಬಂತು ಎಂದರು. ನಮ್ಮ ಮಾವ ಮಾರ್ಟಿ ಲಿವರ್ ಕೆಟ್ಟು ಐವತ್ನಾಲ್ಕಕ್ಕೇ ಹೋದವರು. ಕುಡಿಯುವುದಿಲ್ಲವೆಂದು ಚರ್ಚಿನಲ್ಲಿ ಆಣೆ ಮಾಡಿ ಕದ್ದು ಕುಡಿದರು ಎಂಬುದು ಮೂವತ್ತು ವರ್ಷಗಳಿಂದ ಊರೆಲ್ಲ ಒಪ್ಪಿದ ಮಾತು. ಅತ್ತೆ ಡೀಲಿಯಾ ಕೂಡ ಒಪ್ಪಿದ್ದರು. ಮುಚ್ಚಿಡುವುದೇಕೆ, ನಾನೂ ಒಂದು ಸಂಜೆ ಕುರ್ಚಿಯಲ್ಲೇ ನಿದ್ದೆಹೋಗಿದ್ದ ಗಂಡನ ಬಾಯಿ ಮೂಸಿದ್ದೇನೆ. ಈರುಳ್ಳಿ ವಾಸನೆ ಬಂತು, ಅಷ್ಟೇ.

ಲಿವರ್ ಊದುವ ಒಂದು ವರ್ಷ ಮುಂಚಿನಿಂದಲೂ ಅವನಿಗೆ ಸುಸ್ತು. ಬಾಗಿಲ ಕಿಂಡಿಯಲ್ಲಿ ಕಾಗದ ತುರುಕಿದರೂ ಬೆರಳ ಗೆಣ್ಣು ನೋಯುತ್ತಿತ್ತು. ಬಿಸಿಲೇ ಇಲ್ಲದ ಊರಿನಲ್ಲಿ ಮೈಬಣ್ಣ ಮಾತ್ರ ಸ್ಪೇನಿಗೆ ಹೋಗಿ ಬಂದವನ ಹಾಗೆ ಕಂದು. ಮೈಯಲ್ಲಿ ರಕ್ತವಿಲ್ಲ ಎಂದು ಅತ್ತೆ ತೀರ್ಪು ಕೊಟ್ಟರು. ಬೆಳಗ್ಗೆ ಹಂದಿ ರಕ್ತದ ಕಪ್ಪು ಪುಡ್ಡಿಂಗ್, ಮಧ್ಯಾಹ್ನ ಎರಡು ಚಮಚ ಕಬ್ಬಿಣದ ಟಾನಿಕ್. ತಪ್ಪದೆ ಉಣಿಸಿದವಳು ನಾನೇ.

ಹೊಸದಾಗಿ ಬಂದ ಡಾಕ್ಟರ್ ನುವಾಲಾ ಹಾನ್ಲಿ, ಎಷ್ಟು ಕುಡಿಯುತ್ತೀರಿ ಎಂದು ಕೇಳಲೇ ಇಲ್ಲ. ಮುಷ್ಟಿ ಹಿಡಿಯಲು ಹೇಳಿ ಮೊದಲೆರಡು ಗೆಣ್ಣು ಒತ್ತಿದರು. ಇವನು ಹಾರಿಬಿದ್ದ. ರಕ್ತ ಪರೀಕ್ಷೆಗೆ ಹೋಯಿತು. ಮುನ್ನೂರರೊಳಗೆ ಇರಬೇಕಾದ ಕಬ್ಬಿಣದ ಸಂಗ್ರಹ ಮೂರು ಸಾವಿರದ ನಾನ್ನೂರು ದಾಟಿತ್ತು.

"ಎಲ್ಲರ ಮೈಯೂ ಬೇಕಾದಷ್ಟು ಕಬ್ಬಿಣ ತಗೊಂಡು ಮಿಕ್ಕಿದ್ದನ್ನ ಬಿಟ್ಬಿಡುತ್ತೆ. ನಿಮ್ಮವರ ಮೈಗೆ ಸಾಕು ಅನ್ನೋದೇ ಗೊತ್ತಿಲ್ಲ" ಎಂದರು ಡಾಕ್ಟರ್. ಹಾಗೆ ಸೇರಿದ್ದು ಲಿವರ್‌ನಲ್ಲಿ, ಕೀಲಿನಲ್ಲಿ, ಚರ್ಮದಲ್ಲಿ ಕೂತುಬಿಡುತ್ತದಂತೆ. ಹುಟ್ಟಿನಿಂದಲೇ ಬಂದ ದೋಷ. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಸೇರಿದರೆ ಕಾಯಿಲೆ. ನನ್ನ ಟಾನಿಕ್ಕು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗಿತ್ತು.

ಆದರೆ ಅವತ್ತು ನನಗೆ ನಾಚಿಕೆಯೂ ಆಗಲಿಲ್ಲ, ಭಯವೂ ಆಗಲಿಲ್ಲ. ಹಾಲು ಕುಡಿದಷ್ಟು ಸಂತೋಷ! ನನ್ನ ಗಂಡ ಕುಡುಕನಲ್ಲ! ಪೆಟ್ರೋಲ್ ಬಂಕಿನಲ್ಲಿ ಹೇಳಿದೆ, ಮಾಂಸದಂಗಡಿಯಲ್ಲಿ ಹೇಳಿದೆ, ಪಾದ್ರಿಗಳನ್ನು ದಾರಿಯಲ್ಲಿ ನಿಲ್ಲಿಸಿ ಹೇಳಿದೆ. ನನ್ನ ಟಪಾಲಿಗಿಂತ ನಿನ್ನ ಬಾಯಿ ಬೇಗ ಮುಟ್ಟುತ್ತೆ ಎಂದು ಜಾರ್ಲತ್ ನಕ್ಕ.

ಚಿಕಿತ್ಸೆ ಏನು ಗೊತ್ತೇ? ರಕ್ತ ತೆಗೆಯುವುದು, ಅಷ್ಟೇ. ಪ್ರತಿ ಮಂಗಳವಾರ ಕಾಸಲ್‌ಬಾರ್ ಪಟ್ಟಣದ ಆಸ್ಪತ್ರೆಯಲ್ಲಿ ಅರ್ಧ ಲೀಟರ್. ಹೋದ ರಕ್ತವನ್ನು ಮತ್ತೆ ತುಂಬಿಕೊಳ್ಳಲು ಮೈ ತನ್ನ ಉಗ್ರಾಣದ ಕಬ್ಬಿಣವನ್ನೇ ಖರ್ಚು ಮಾಡುತ್ತದೆ. ಹದಿನೈದನೇ ವಾರಕ್ಕೆ ಇವನು ಗುಡ್ಡದ ಮೇಲಿನ ಮನೆಗಳಿಗೆ ಸಿಳ್ಳೆ ಹಾಕುತ್ತ ಹತ್ತತೊಡಗಿದ. ಗೆಣ್ಣು ನೋವು ಮಾತ್ರ ಹೋಗಲಿಲ್ಲ.

ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದರು ಡಾಕ್ಟರ್. ಎಂಬತ್ತೆರಡರ ಅತ್ತೆಯನ್ನೂ ಕರೆದೊಯ್ದೆವು. ಅವರಲ್ಲಿ ಒಂದೇ ಪಾಲು ಇತ್ತು, ಕಾಯಿಲೆಯಿಲ್ಲ. ಇನ್ನೊಂದು ಪಾಲು ಮಗನಿಗೆ ಅಪ್ಪನಿಂದ ಬಂದದ್ದು ಎಂದು ಡಾಕ್ಟರ್ ಹೇಳಿದಾಗ ಅತ್ತೆ ತಲೆ ಎತ್ತಿದರು.

"ಮಾರ್ಟಿಗೂ ಗೆಣ್ಣು ನೋಯ್ತಿತ್ತು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಚಳಿಗಾಲದಲ್ಲೂ ಮೈ ಕಂದಾಗಿರೋದು."

"ತೀರಿಹೋದವರನ್ನ ಪರೀಕ್ಷೆ ಮಾಡೋಕಾಗಲ್ಲಮ್ಮ. ಆದ್ರೆ ನೀವು ಹೇಳ್ತಿರೋದೆಲ್ಲ ಇದೇ ಕಾಯಿಲೆ ಲಕ್ಷಣ. ಅವರಿಗೆ ಎರಡೂ ಪಾಲು ಇದ್ದಿರಬೇಕು" ಎಂದರು ಡಾಕ್ಟರ್.

ನಾನು ಕುಣಿಯುವುದೊಂದು ಬಾಕಿ. ಮಾವನ ಹೆಸರಿಗೆ ಅಂಟಿದ್ದ ಮಸಿಯೂ ತೊಳೆದುಹೋಯಿತಲ್ಲ! ಕಾರಿನಲ್ಲಿ ಕೂತು ಯಾರಿಗೆ ಮೊದಲು ಫೋನ್ ಮಾಡಲಿ ಎಂದು ಯೋಚಿಸುತ್ತಿದ್ದೆ. ಹಿಂದಿನ ಸೀಟಿನಿಂದ ಅತ್ತೆ ಮಾತಾಡಿದರು.

"ಸಾಯೋ ದಿನಾನೂ ಹೇಳಿದ್ರು, ಡೀಲಿಯಾ, ನಾನು ಕುಡಿದಿಲ್ಲ ಅಂತ. ನಾನು ಮುಖ ತಿರುಗಿಸ್ಕೊಂಡೆ."

"ಬಿಡಮ್ಮ. ನಿಂಗೆ ಹೇಗೆ ಗೊತ್ತಾಗ್ಬೇಕು" ಎಂದ ಜಾರ್ಲತ್.

"ಗೊತ್ತಾಗ್ಬೇಕಿತ್ತು ಕಣೋ. ಹುಲ್ಲು ತುಂಬಿಡೋ ಕೊಟ್ಟಿಗೇಲಿ, ಹಾಸಿಗೆ ಕೆಳಗೆ, ಅವರ ಬೂಟಿನೊಳಗೆ, ಆರು ವರ್ಷ ಬಾಟ್ಲಿ ಹುಡುಕಿದೀನಿ. ಒಂದೂ ಸಿಗಲಿಲ್ಲ."