ಹರಿದ ಬಲೆಯ ಮೂಲೆ

ಪುರಿಂಗ್ ಚೆಂಡು ಜೋಡಿಸುವುದನ್ನು ನಿಂತು ನೋಡಬೇಕು. ಒಂಬತ್ತು ಚೆಂಡುಗಳನ್ನು ಮರದ ತ್ರಿಕೋನದೊಳಗೆ ಎಳೆದುಕೊಂಡು, ಒಂದನೆಯದನ್ನು ಮುಂದಕ್ಕೆ, ಹಳದಿ ಪಟ್ಟೆಯ ಒಂಬತ್ತನೆಯದನ್ನು ನಡುವಿಗೆ ಇಟ್ಟು, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ತ್ರಿಕೋನ ಎತ್ತಿದಳೆಂದರೆ, ಚೆಂಡು ಚೆಂಡಿನ ನಡುವೆ ಕೂದಲೂ ತೂರುತ್ತಿರಲಿಲ್ಲ. ಇಲೋಯಿಲೋ ಕಡಲ ದಂಡೆಯ ಮೀನುಗಾರರ ಕೇರಿಯಲ್ಲಿ, ಎಲ್ಲರೂ ಮನೋಂಗ್, ಅಂದರೆ ಅಣ್ಣ, ಎಂದು ಕರೆಯುವ ತಿಮೊನ ಪೂಲ್ ಅಂಗಡಿಯಲ್ಲಿ, ಹತ್ತೊಂಬತ್ತು ವರ್ಷ ಅವಳದು ಇದೇ ಕೆಲಸ. ಆಡುವವರು ಗಂಡಸರು. ಜೋಡಿಸುವವಳು ಇವಳು. ಹಿರಿಯರಿಗೆ ಬರೀ ಪುರಿಂಗ್, ಕಿರಿಯರಿಗೆ ಮನಾಂಗ್, ಅಂದರೆ ಅಕ್ಕ. ಗಂಡ ದೋಣಿಯ ಜೊತೆ ಪಾಲಾವಾನ್ ದ್ವೀಪಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಅವನ ಮಾತನ್ನು ಅವಳು ಎತ್ತುತ್ತಿರಲಿಲ್ಲ.

ಆ ಅಂಗಡಿಯ ದೊಡ್ಡ ಮೇಜಿಗೆ ಒಂದು ಊನವಿತ್ತು. ಚರಂಡಿಯ ಕಡೆಯ ಮೂಲೆಯ ತೂತಿಗೆ ಕಟ್ಟಿದ ಬಲೆ ಹರಿದಿತ್ತು. ಅಲ್ಲಿ ಬಿದ್ದ ಚೆಂಡು ನೇರ ಸಿಮೆಂಟ್ ನೆಲಕ್ಕೆ ಬಡಿದು, ಉರುಳಿ, ಚರಂಡಿ ಸೇರುತ್ತಿತ್ತು. ಕೈ ಹಾಕಿ ತೆಗೆದು, ಸೋಪು ಹಚ್ಚಿ ತೊಳೆದು, ಒರೆಸಿ ತರುವವಳು ಪುರಿಂಗ್. "ಮನೋಂಗ್, ಒಂದು ಬಲೆ ಹಾಕಿಸಿ" ಎಂದು ಅವಳು ಹೇಳಿದಾಗಲೆಲ್ಲ ತಿಮೊ, "ನೀನಿದ್ದೀಯಲ್ಲ ಪುರಿಂಗ್, ನಿನಗಿಂತ ಒಳ್ಳೇ ಬಲೆ ಎಲ್ಲಿ ಸಿಗತ್ತೆ?" ಎಂದು ನಗುತ್ತಿದ್ದ. ಹಾಗಾಗಿ ಅವಳ ಎಡಗೈ ತಾನೇ ಒಂದು ಪಾಠ ಕಲಿಯಿತು. ಒಂಬತ್ತನೆಯದು ಬಿದ್ದು ಆಟ ಮುಗಿದೊಡನೆ, ಕೋಲಿನಿಂದ ಹೊಡೆಯುವ ಬಿಳಿ ಚೆಂಡು ಇನ್ನೂ ಉರುಳುತ್ತಾ ಆ ಮೂಲೆಯತ್ತ ಹೊರಟರೆ, ಅಂಗೈ ಅಡ್ಡ ಹಿಡಿದು ನಿಲ್ಲಿಸುವುದು.

ಬೆಳಿಗ್ಗೆ ಗಂಡಸರು ದೋಣಿಯಿಂದ ಬರುವ ಮೊದಲು ಎರಡು ಗಂಟೆ ಅಂಗಡಿ ಖಾಲಿ. ನೆಲ ಗುಡಿಸಿ, ಮೇಜಿನ ಹಸಿರು ಬಟ್ಟೆಯ ಧೂಳು ತೆಗೆದು, ತುದಿ ಸವೆದ ಒಂದು ಕೋಲು ಹಿಡಿದು ಅವಳು ಒಬ್ಬಳೇ ಆಡುತ್ತಿದ್ದಳು. ಹತ್ತೊಂಬತ್ತು ವರ್ಷದ ಬೆಳಗುಗಳು. ತಾನು ಎಷ್ಟು ಆಡಬಲ್ಲೆ ಎಂದು ಅವಳಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಐವತ್ತೆರಡಾದ ವರ್ಷ, ಸಂತ ರೋಕೆಯ ಹಬ್ಬಕ್ಕೆ ಹೆಂಗಸರ ಪೂಲ್ ಪಂದ್ಯ ಇಟ್ಟರು. ಗೆದ್ದವಳು ಕೇರಿಯ ಪರವಾಗಿ ಪಟ್ಟಣದ ಪಂದ್ಯಕ್ಕೆ ಹೋಗುತ್ತಾಳೆ ಎಂದು ಚೀಟಿ ಅಂಟಿಸಿದ್ದರು. ಪುರಿಂಗ್ ಅದನ್ನು ಎರಡು ಸಲ ಓದಿ, ಮೊದಲನೆಯ ಹೆಸರಾಗಿ ತನ್ನದನ್ನು ಬರೆಸಿದಳು. ಅವಳಿಗೆ ಬೇಕಾದದ್ದು ಅದೊಂದೇ. ಯಾರದೋ ಚೆಂಡು ಜೋಡಿಸುವುದಕ್ಕಲ್ಲ, ತಾನು ಆಡುವುದಕ್ಕೆ ಪಟ್ಟಣದ ಮೇಜಿನ ಮುಂದೆ ನಿಲ್ಲಬೇಕು.

ಹಬ್ಬದ ದಿನ ಇಸ್ತ್ರಿ ಮಾಡಿದ ಕಾಲರಿನ ಅಂಗಿ, ಕಪ್ಪು ಪ್ಯಾಂಟು ಹಾಕಿಕೊಂಡು ಅಂಗಡಿಗೆ ಬಂದಳು. ಕೇರಿಯ ಆಡಳಿತ ನೋಡುವ ಕಪ್ತಾನ ಬೊಯೆತ್ ಮೈಕು ಹಿಡಿದು ನಿಂತಿದ್ದ.

"ಏನಿದು ಪುರಿಂಗ್, ಬ್ಯಾಂಕಿಗೆ ಹೊರಟ್ಯಾ? ನೈಟಿ ಎಲ್ಲಿ? ಕೂದಲು ಸುತ್ತೋ ಸುರುಳಿ ಎಲ್ಲಿ? ಇದು ಅಮ್ಮಂದಿರ ಪೂಲ್ ಕಣಮ್ಮ, ಜನ ನಗಬೇಕು!"

"ಚೀಟೀಲಿ ಪಂದ್ಯ ಅಂತ ಇತ್ತು ಕಪ್ತಾನ್ರೇ. ನಾಟಕ ಅಂತ ಇರಲಿಲ್ಲ."

"ನೈಟಿ ಇಲ್ಲದಿದ್ರೆ ಹೆಸರಿಲ್ಲ."

ಯಾರೋ ಒಂದು ಹೂವಿನ ನೈಟಿ, ಒಂದು ಕೂದಲ ಸುರುಳಿ ಎಸೆದರು. ಪುರಿಂಗಳ ಕಿವಿ ಕಾದು ಕೆಂಪಾದವು. ಅಂಗಿ ಪ್ಯಾಂಟಿನ ಮೇಲೆಯೇ ಅದನ್ನು ಎಳೆದುಕೊಂಡು, ತೋಳು ಮಡಚಿ, ಕೋಲು ತೆಗೆದುಕೊಂಡಳು. ಸುರುಳಿಯನ್ನು ಮಾತ್ರ ಮುಟ್ಟಲಿಲ್ಲ. ಬಹುಮಾನದ ಮೇಜಿನ ಮೇಲೆ ಗಂಡಸರಿಗೆ ಇಡೀ ಹುರಿದ ಹಂದಿ, ಹೆಂಗಸರಿಗೆ ಪ್ಲಾಸ್ಟಿಕ್ ಟಬ್ಬು ಮತ್ತು ಬಟ್ಟೆ ಸೋಪು. ಅದನ್ನೂ ನೋಡಿಕೊಂಡಳು.

ಮೊದಲ ಎದುರಾಳಿ ಸಾರ್ಡೀನ್ ಮೀನು ಮಾರುವವಳು, ಎರಡನೆಯವಳು ಶಾಲೆಯ ಅಡಿಗೆಯವಳು. ಇಬ್ಬರನ್ನೂ ಪುರಿಂಗ್ ಒಂದು ಆಟವನ್ನೂ ಬಿಟ್ಟುಕೊಡದೆ ಸೋಲಿಸಿದಳು. ನಗಲು ಬಂದ ಜನ ಸ್ವಲ್ಪ ಹೊತ್ತಿಗೆ ನಗುವುದನ್ನು ನಿಲ್ಲಿಸಿದರು. ಅದು ಕಪ್ತಾನನಿಗೆ ಹಿಡಿಸಲಿಲ್ಲ. "ನೋಡ್ರಪ್ಪಾ, ಈವತ್ತು ಪೊರಕೆ ಬಿಟ್ಟು ಕೋಲು ಹಿಡಿದಿದ್ದಾಳೆ!" ಎಂದು ಮೈಕಿನಲ್ಲಿ ಕೂಗಿದ.

ಕೊನೆಯ ಪಂದ್ಯ ಜೆರ್ಲಿನ್ ಎಂಬ ಕಾಲೇಜು ಹುಡುಗಿಯ ಜೊತೆ. ಮೊದಲು ಐದು ಆಟ ಗೆದ್ದವರದು ಪಂದ್ಯ. ಹುಡುಗಿ ಚೆನ್ನಾಗಿಯೇ ಆಡಿದಳು. ನಾಲ್ಕು ಇವಳಿಗೆ, ನಾಲ್ಕು ಅವಳಿಗೆ. ಕೊನೆಯ ಆಟದಲ್ಲಿ ಮೇಜಿನ ಮೇಲೆ ಒಂಬತ್ತನೆಯದೊಂದೇ ಉಳಿಯಿತು. ಸರದಿ ಜೆರ್ಲಿನಳದು. ತೀರ್ಪಿಗೆ ತಿಮೊನೇ ನಿಂತಿದ್ದ.

ಜೆರ್ಲಿನ್ ಜೋರಾಗಿ ಹೊಡೆದಳು. ಒಂಬತ್ತನೆಯದು ಎದುರಿನ ಮೂಲೆಗೆ ಬಿತ್ತು. ಬಿಳಿ ಚೆಂಡು ಮೇಜಿನ ಅಂಚಿಗೆ ತಾಗಿ ತಿರುಗಿ, ಹರಿದ ಬಲೆಯ ಮೂಲೆಯತ್ತ ಹೊರಟಿತು. ಬಿಳಿ ಚೆಂಡೂ ಬಿದ್ದರೆ ಹೊಡೆತ ತಪ್ಪು. ಒಂಬತ್ತನೆಯದು ಮತ್ತೆ ಮೇಜಿಗೆ ಬರುತ್ತದೆ, ಬಿಳಿ ಚೆಂಡು ಪುರಿಂಗಳ ಕೈಗೆ, ಬೇಕಾದಲ್ಲಿ ಇಟ್ಟು ಹೊಡೆಯಬಹುದು. ಅದು ಬೀಳುವುದರಲ್ಲಿ ಸಂಶಯವಿರಲಿಲ್ಲ. ತೂತಿಗೆ ನಾಲ್ಕು ಬೆರಳಷ್ಟೇ ದೂರ ಉಳಿದಿತ್ತು.

ಅಷ್ಟರಲ್ಲಿ ಒಂದು ಎಡಗೈ ಚಾಚಿ ಬಂದು ಚೆಂಡನ್ನು ತಡೆಯಿತು.

ಅದು ತನ್ನದೇ ಕೈ ಎಂದು ಪುರಿಂಗಳಿಗೆ ತಿಳಿಯಲು ಒಂದು ಉಸಿರು ಬೇಕಾಯಿತು. ಬಲಗೈ ಆಗಲೇ ತ್ರಿಕೋನಕ್ಕೆ ಚಾಚಿತ್ತು.

"ಉರುಳೋ ಚೆಂಡು ಮುಟ್ಟಿದ್ರೆ ಆಟ ಹೋಯ್ತು" ಎಂದ ತಿಮೊ, ಮೆಲ್ಲಗೆ.

"ಕೆಲಸಕ್ಕೆ ಹೋದ್ಲಪ್ಪಾ ಪುರಿಂಗ್!" ಎಂದು ಕಪ್ತಾನ ಕೂಗಿದ. ಕೇರಿಗೆ ಕೇರಿಯೇ ನಕ್ಕಿತು.

"ಬೀಳ್ತಿತ್ತು ಮನೋಂಗ್" ಎಂದಳು ಪುರಿಂಗ್. "ನಿಮಗೂ ಗೊತ್ತು ಬೀಳ್ತಿತ್ತು ಅಂತ."

"ಗೊತ್ತು. ಆದ್ರೆ ಬೀಳ್ಲಿಲ್ವಲ್ಲ. ನೀನು ಯಾಕೆ ಹಿಡಿದೆ?"

"ನಾನು ಯಾಕೆ ಹಿಡಿದೆನಾ?" ಅವಳ ಧ್ವನಿ ಏರಿತು. "ಒಂದು ಬಲೆ ಹಾಕಿಸಿ ಅಂತ ಬಾಯಿ ಒಣಗೋ ಹಾಗೆ ಹೇಳಿದೆ. ಒಂದು ಗೇಣು ಬಲೆ! ಬಲೆ ಹೆಣೆಯೋರ ಕೇರೀಲಿ! ಈ ಕೈಗೆ ಈ ಬುದ್ಧಿ ಕಲಿಸಿದೋರು ಯಾರು ಮನೋಂಗ್?"

ತಿಮೊ ಬಹುಮಾನದ ಟಬ್ಬನ್ನು ಜೆರ್ಲಿನಳ ಕೈಗೆ ಕೊಟ್ಟ. ಅವಳು ಅದನ್ನು ಅಪ್ಪಿಕೊಂಡು ಪುರಿಂಗಳ ಹತ್ತಿರ ಬಂದಳು. "ಮನಾಂಗ್, ನಂಗೂ ಕಾಣ್ತು, ಬಿದ್ದೇ ಬೀಳ್ತಿತ್ತು."

"ಕಂಡಾಗ ಬಾಯಲ್ಲಿ ಏನಿತ್ತೇ, ಅನ್ನವಾ? ಹೋಗು. ಪಟ್ಟಣದಲ್ಲಿ ಬಿಳಿ ಚೆಂಡನ್ನ ಅಷ್ಟು ಜೋರಾಗಿ ಹೊಡೀಬೇಡ, ನಿಲ್ಸೋಕೆ ಅಲ್ಲಿ ನಾನಿರಲ್ಲ."

ಪುರಿಂಗ್ ನೈಟಿ ತೆಗೆದು ಮಡಚಿ ಹಂದಿಯ ತಟ್ಟೆಯ ಪಕ್ಕ ಇಟ್ಟಳು. ಅಷ್ಟರಲ್ಲಿ ಗಂಡಸರ ಕೊನೆಯ ಪಂದ್ಯಕ್ಕೆ ಕರೆದರು. ಇಬ್ಬರು ಆಟಗಾರರೂ ಕೋಲಿಗೆ ಚಾಕ್ ಉಜ್ಜುತ್ತಾ ಅವಳ ಕಡೆಗೇ ನೋಡಿದರು.

"ಪುರಿಂಗ್, ಬಾರೆ, ಜೋಡಿಸು" ಎಂದ ಕಪ್ತಾನ, ಏನೂ ಆಗದವನಂತೆ.

ಅವಳು ತ್ರಿಕೋನ ಎತ್ತಿಕೊಂಡು ಹೋಗಿ ಮೈಕು ಹಿಡಿದ ಅವನ ತೋಳಿಗೆ ತೂಗುಹಾಕಿದಳು. ಆಮೇಲೆ ಬಂದು ಚರಂಡಿಯ ಪಕ್ಕದ ಬೆಂಚಿನ ಮೇಲೆ ಕುಳಿತಳು.

ಕಪ್ತಾನ ತಾನೇ ಜೋಡಿಸಿದ. ಮೊದಲ ಹೊಡೆತಕ್ಕೆ ಒಣ ಹಲಗೆ ತಟ್ಟಿದಂತೆ ಸದ್ದಾಯಿತು, ಚೆಂಡುಗಳು ಅರೆಬರೆ ಚದುರಿದವು. ನಡುವೆ ಸಂದು ಬಿಟ್ಟಿದ್ದಾನೆ ಎಂದು ಅವಳು ನೋಡದೆಯೇ ಹೇಳಬಲ್ಲವಳಾಗಿದ್ದಳು. ಐದನೆಯ ಹೊಡೆತಕ್ಕೆ ಬಿಳಿ ಚೆಂಡು ಆ ಮೂಲೆಯಲ್ಲಿ ಬಿತ್ತು, ನೆಲಕ್ಕೆ ಬಡಿಯಿತು, ಬೆಂಚಿನತ್ತ ಉರುಳಿತು.

"ಮನಾಂಗ್! ಚೆಂಡು! ಹಿಡೀರಿ!" ಎಂದು ನಾಲ್ಕಾರು ಗಂಟಲು ಒಟ್ಟಿಗೆ ಕೂಗಿದವು.

ಎಡಗೈ ಎದ್ದಿತು. ಪುರಿಂಗ್ ಅದನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು ತೊಡೆಯ ಮೇಲೆ ಒತ್ತಿದಳು. ಚೆಂಡು ಹತ್ತಿರ ಬಂತು. ಅದಕ್ಕೆ ದಾರಿಯಾಗಲೆಂದು ಎರಡೂ ಕಾಲುಗಳನ್ನು ಮೇಲಕ್ಕೆತ್ತಿದಳು.