ಹೈದರಾಬಾದಿಗೆ ಹೋಗಿ ಬಂದಷ್ಟು ಆಳ

ಓದಿದ್ದನ್ನೆಲ್ಲ ಮನೆಗೆ ಬಂದು ಒದರುವ ಚಟ ನನಗೆ. ತೊಂಬತ್ತರ ದಶಕದ ಆ ಬೇಸಿಗೆ, ಕಲಬುರಗಿಯ ಹಾಸ್ಟೆಲ್‌ನಿಂದ ಕಮಲಾಪುರಕ್ಕೆ ಬಂದವಳೇ ಅಪ್ಪನ ಮುಂದೆ ಶುರು ಮಾಡಿದೆ: ಭೂಮಿಯ ಆಳದ ಕಲ್ಲಿನೊಳಗೆ ಸಮುದ್ರದಷ್ಟು ನೀರು ಇರಬಹುದಂತೆ! ಭೂವಿಜ್ಞಾನದ ಎಂ.ಎಸ್ಸಿ. ಮೊದಲ ವರ್ಷ ಮುಗಿದಿತ್ತು. ಎರಡನೆಯ ವರ್ಷಕ್ಕೆ ಕಳಿಸುವುದೋ, ಮದುವೆ ಮಾಡುವುದೋ ಎಂದು ಮನೆಯಲ್ಲಿ ಜಗಳ. ಕಾಕಾ ವರನನ್ನೂ ನೋಡಿಟ್ಟಿದ್ದ. "ಕಲ್ಲು ಓದಿ ಏನ್ ಕಡಿದು ಕಟ್ಟೆ ಹಾಕ್ತಾಳ?" ಎನ್ನುತ್ತಿದ್ದ.

ಅಪ್ಪ ನನ್ನ ಮಾತನ್ನೇ ಹಿಡಿದುಕೊಂಡ. ಕೆಂಪು ಬಾಳೆಯ ತೋಟಕ್ಕೆ ಬೋರು ಹಾಕಿಸಬೇಕಿತ್ತು. ಅಂಗೈ ಮೇಲಿಟ್ಟ ತೆಂಗಿನಕಾಯಿ ಎದ್ದು ನಿಂತಲ್ಲಿ ನೀರಿದೆ ಎನ್ನುವವನನ್ನು ಕರೆಸದೆ ನಮ್ಮ ಕಡೆ ಯಾರೂ ಬೋರು ಹಾಕಿಸುವುದಿಲ್ಲ. ಅಪ್ಪ ಅವನನ್ನು ವಾಪಸ್ ಕಳಿಸಿದ.

"ನನ್ನ ಮಗಳು ಹೇಳ್ಯಾಳ. ನೀರು ಬಿದ್ದರ ಓದ್ತಾಳ, ಇಲ್ಲಾಂದ್ರ ನೀ ಹೇಳಿದಂಗ ಮದಿವಿ," ಎಂದು ಕಾಕಾನಿಗೆ ಮಾತೂ ಕೊಟ್ಟ.

ನಾನು ಹೇಳಿದ್ದು ಆ ನೀರಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಬೋರಿನ ಲಾರಿಯವರನ್ನು ಕರೆಯಲು ಹೋಗಿಯಾಗಿತ್ತು. ಹೆಚ್ಚು ಆಳಕ್ಕೆ ಹೋಗದೆ ಮೇಲೆಯೇ ನೀರು ಬೀಳಲಿ ತಂದೇ ಎಂದು ಶರಣಬಸವೇಶ್ವರನನ್ನು ಬೇಡಿಕೊಂಡೆ.

ಬೋರಿನ ಯಂತ್ರ ಮುಂಜಾನೆಯಿಂದ ಬರೀ ಬೂದು ಧೂಳು ಉಗುಳಿತು. "ಸಾಕ್ರೀ, ಬರೇ ಕಲ್ಲ ಬರಾಕತ್ತದ," ಎಂದ ಲಾರಿಯವನು.

"ಇನ್ನೂ ಇಳಿಸು. ತಳದಾಗ ಸಮುದ್ರ ಅದ," ಎಂದ ಅಪ್ಪ. ನೆರೆದವರು ಮುಸಿಮುಸಿ ನಕ್ಕರು. ನನಗೆ ತಡೆಯಲಾಗಲಿಲ್ಲ.

"ನಿಲ್ಲಸಪ್ಪಾ ಸಾಕು! ಅದು ಹರಿಯೋ ನೀರಲ್ಲ, ಹೈಡ್ರೋಜನ್. ಹರಳಿನೊಳಗ ಆಕ್ಸಿಜನ್‌ಗೆ ಅಂಟಿಕೊಂಡು ಕುಂತಿರ್ತದ. ಕಲ್ಲು ಹಿಂಡಿದ್ರೂ ಒಂದು ಹನಿ ಬರಂಗಿಲ್ಲ."

"ಎಷ್ಟು ಆಳದಾಗ ಅದ?" ಎಂದ ಅಪ್ಪ.

"ಹೈದರಾಬಾದಿಗೆ ಹೋಗಿ ವಾಪಸ್ ಬಂದಷ್ಟು."

ಯಂತ್ರ ನಿಂತಿತು. ಕಾಕಾ ಗಹಗಹಿಸಿ ನಕ್ಕ. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. ಮೀಸೆಯ ಧೂಳು ಒರೆಸಿಕೊಂಡು ಕೇಳಿದ: "ಯಾರಿಗೂ ಕುಡಿಯಾಕ ಬರದ ನೀರು ತಗೊಂಡು ಏನ್ ಮಾಡ್ತೀಯವ್ವ?"

"ಅದು ಇದ್ರ ಒಳಗಿನ ಕಲ್ಲು ಲಗೂನ ಕರಗ್ತದಪ್ಪ. ಅದು ಎಷ್ಟು ಅದ, ಹೆಂಗ್ ಅದ ಅಂತ ಗೊತ್ತಾಗಬೇಕು, ಅಷ್ಟ," ಎನ್ನುತ್ತಲೇ ಅತ್ತುಬಿಟ್ಟೆ. ಎಲ್ಲರೆದುರು ಅತ್ತದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಅಪ್ಪ ತಲೆ ಸವರಿದ. "ಖರೇ ಹೇಳಿದಿ. ಛಲೋ ಮಾಡಿದಿ." ನನಗೆ ಜೀವ ಬಂದಂತಾಯಿತು. ಆಮೇಲೆ ಅವನು ಕಾಕಾನ ಕಡೆ ತಿರುಗಿದ. "ಮಾತು ಕೊಟ್ಟೀನಿ. ಬೀಗರಿಗೆ ಬರಾಕ ಹೇಳು."

ಮರುದಿನ ಹಾಸ್ಟೆಲ್‌ನಿಂದ ನನ್ನ ಟ್ರಂಕು ತರಲು ಅಪ್ಪನೇ ಬಸ್ಸು ಹತ್ತಿ ಹೋದ. ಸಂಜೆ ತಂದು ನನ್ನ ಮುಂದಿಟ್ಟ. ಎತ್ತಿದರೆ ಹಗುರಾಗಿತ್ತು. ನಾನು ಕೂಡಿಟ್ಟಿದ್ದ ಕಲ್ಲುಗಳನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದ.