ತೊಡೆಯಿಂದ ಗುಂಡಿಗೆಗೆ ಹೋದ ಬಲೂನು

ನನ್ನ ಮೊಮ್ಮಗಳ ಗುಂಡಿಗೆ ಸರಿಹೋಯ್ತು! ಇನ್ನು ಅವಳು ಓಡಬಹುದು, ಕುಣಿಯಬಹುದು, ಟಗರಿನ ಜೊತೆ ಗುದ್ದಾಡಬಹುದು ಅಂತ ಡಾಕ್ಟರೇ ಹೇಳಿದರು. ಟಗರಿನ ಮಾತು ನಾನು ಸೇರಿಸಿದ್ದು, ಉಳಿದದ್ದು ಅವರದ್ದೇ. ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆ ಒಡೆದು ಹೋದೀತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿದೆ. ದುರ್ಗದ ಸೀಮೆಯ ಆದಿವಾಲದ ಹತ್ತಿರ ನಮ್ಮದು ಕುರಿ ಸಾಕೋ ಮನೆ. ಮರಿ ಮಂಕಾದರೆ ಅದರ ಪಕ್ಕೆಗೆ ಕಿವಿ ಇಟ್ಟು ನೋಡುವುದು ನಮ್ಮ ರೂಢಿ. ಮಗನ ಮಗಳಿಗೆ ನಾಲ್ಕು ವರ್ಷ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಟ್ಟು ಕೂತುಬಿಡುತ್ತಿದ್ದಳು. ಸೋಮಾರಿ ಅಂತ ಎಲ್ಲರೂ ನಕ್ಕರು. ನಾನೂ ನಕ್ಕವಳೇ. ಒಂದಿನ ಎತ್ತಿಕೊಂಡಾಗ ರೂಢಿಬಲದಿಂದ ಅವಳ ಎದೆಗೂ ಕಿವಿ ಇಟ್ಟೆ. ತೂಬಿನ ಸಂದಿಯಲ್ಲಿ ನೀರು ನುಗ್ಗಿದ ಹಾಗೆ ಸುಂಯ್ ಸುಂಯ್!

"ಲೇ, ಮಗೂನ ದುರ್ಗಕ್ಕೆ ಕರ್ಕಂಡು ಹೋಗಾಣ, ಎದೇಲಿ ಏನೋ ಸದ್ದು ಐತೆ" ಅಂದೆ ಮಗನಿಗೆ.

"ಏನವ್ವ, ಅವಳೇನು ಕುರಿಮರೀನಾ?"

"ಕುರಿಮರಿ ಆಗಿದ್ರೆ ನಿನ್ನ ಯಾಕೆ ಕೇಳ್ತಿದ್ದೆ, ಹೊತ್ಕಂಡು ಹೋಗಿರ್ತಿದ್ದೆ."

ದುರ್ಗದ ಡಾಕ್ಟರು ಕೊಳವೆ ಇಟ್ಟು ಕೇಳಿದರು. ನಗಲಿಲ್ಲ. ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು.

ಅಲ್ಲಿ ಎಕೋ ಅಂತ ಮಾಡಿದರು. ಎದೆಗೆ ತಣ್ಣನೆಯ ಅಂಟು ಬಳಿದು ಏನೋ ಒಂದನ್ನು ಒತ್ತಿ ಆಡಿಸಿದರೆ ಟೀವಿಯಲ್ಲಿ ನನ್ನ ಮೊಮ್ಮಗಳ ಗುಂಡಿಗೆ! ಕುರಿ ಗುಂಡಿಗೆ ಎಷ್ಟೋ ತೊಳೆದು ಸಾರು ಮಾಡಿದ ಕೈ ನನ್ನದು. ಬಡಿಯೋ ಗುಂಡಿಗೆ ನೋಡಿದ್ದು ಅವತ್ತೇ.

"ಅಜ್ಜಿ, ನಿಮ್ಮ ಪಂಪ್‌ಸೆಟ್ಟಿಗೆ ಫುಟ್‌ವಾಲ್ವ್ ಇರುತ್ತಲ್ಲ, ಇಲ್ಲೂ ಅಂಥದ್ದೊಂದು ಇದೆ. ಅಂಟಿಕೊಂಡು ಪೂರ್ತಿ ತೆರ್ಕೊಳ್ತಿಲ್ಲ" ಅಂದರು ಡಾಕ್ಟರಮ್ಮ. ಮೊದಲಾಗಿದ್ದರೆ ಎದೆ ಕೊಯ್ಯಬೇಕಿತ್ತಂತೆ. ಈಗ ತೊಡೆಯ ನರದೊಳಗಿಂದ ಸಣ್ಣ ಕೊಳವೆ ತೂರಿಸಿ, ವಾಲ್ವಿನ ಬಾಯಲ್ಲಿ ಬಲೂನು ಉಬ್ಬಿಸಿ ಬಿಡಿಸುತ್ತಾರಂತೆ.

"ಬಿಡಿಸದೆ ಹಂಗೇ ಬಿಟ್ರೆ?"

"ಬೆಳೀತಾ ಬೆಳೀತಾ ಗುಂಡಿಗೆ ಸೋತು ಹೋಗುತ್ತೆ, ಅಜ್ಜಿ."

ಬಲೂನು ಹಾಕೋ ದಿನ ಮಗೂಗೆ ಬೆಳಗ್ಗೆ ಏನೂ ಕೊಡಬೇಡಿ ಅಂದರು. ನಾನು ಕೊಡಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಆದರೆ ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಹೊರಟವರ ಬಾಯಿಗೆ ಮೊಸರು ಸಕ್ಕರೆ ಹಾಕದೆ ಹೊಸ್ತಿಲು ದಾಟಿಸುವುದುಂಟೇ? ಅದು ಊಟ ಅಲ್ಲವಲ್ಲ, ಶಾಸ್ತ್ರ. ಒಳಗೆ ಕರೆಯುವ ಹೊತ್ತಿಗೆ ಒಂದು ಚಮಚ ಹಾಕಿದೆ. ಹಸಿದ ಮಗು ಮೊಸರಿನ ಲೋಟವನ್ನೇ ಕಸಿದು ಕುಡಿಯಿತು.

ನರ್ಸಮ್ಮ ತುಟಿ ಮೇಲಿನ ಬಿಳುಪು ನೋಡಿದಳು. "ಅಜ್ಜೀ, ಏನು ಕೊಟ್ರಿ?"

"ಶಾಸ್ತ್ರಕ್ಕೆ ಒಂಚೂರು ಮೊಸರು, ತಾಯಿ."

"ಶಾಸ್ತ್ರಾನೂ ಹೊಟ್ಟೇಗೇ ಹೋಗೋದು! ಮತ್ತಿನ ಔಷಧಿ ಕೊಟ್ಟಾಗ ವಾಂತಿಯಾಗಿ ಉಸಿರಿಗೆ ಸಿಕ್ಕಿದ್ರೆ?"

ಅವತ್ತಿನ ಸರದಿ ತಪ್ಪಿತು. ಸೊಸೆ ನನ್ನ ಜೊತೆ ಮಾತು ಬಿಟ್ಟಳು. ಬಿಡದೆ ಏನು ಮಾಡ್ಯಾಳು? ಕಾಪಾಡೋಕೆ ಹೋದವಳು ನನ್ನ ಕೈಯಾರೆ ಏನು ಮಾಡಿಬಿಡ್ತಿದ್ದೆ!

ಮಾರನೇ ಬೆಳಗ್ಗೆ ಮಗ ನನ್ನ ಎಲೆಅಡಿಕೆ ಚೀಲವನ್ನೂ ಕಿತ್ತಿಟ್ಟುಕೊಂಡ. "ಇದೂ ಶಾಸ್ತ್ರ ಅಂತೀಯ ನೀನು" ಅಂದ. ಬಾಯಿ ಒಣಗಿಸಿಕೊಂಡು, ಮಗುವನ್ನು ಒಳಗೆ ಕರೆದೊಯ್ದ ಬಾಗಿಲು ನೋಡುತ್ತಾ ಕುಂತೆ. ಕೊನೆಗೆ ಡಾಕ್ಟರಮ್ಮ ನಗುತ್ತಾ ಬಂದರು. ವಾಲ್ವ್ ಚೆನ್ನಾಗಿ ತೆರೆದುಕೊಂಡಿತ್ತು! ತೊಡೆಯ ಮೇಲೆ ನೋಡಿದರೆ ಮುಳ್ಳು ಚುಚ್ಚಿದಷ್ಟು ಗಾಯ. ಎರಡು ದಿನ ಬಿಟ್ಟು ಇನ್ನೊಂದು ಎಕೋ ಮಾಡಿ, ಓಡಲಿ ಕುಣಿಯಲಿ ಅಂತ ಹೇಳಿ ಕಳಿಸಿದರು.

ಬಸ್ಸಿಳಿದು ಊರು ಸೇರುವಾಗ ಸಂಜೆ. ನಮ್ಮ ಯಜಮಾನರು ನಾಟಿಕೋಳಿ ಸಾರು ಮಾಡಿಸಿ ಕಾದಿದ್ದರು. ಎಲ್ಲರೂ ಸಾಲಾಗಿ ಕುಂತರು. ನಾನು ಬಡಿಸೋ ನೆಪದಲ್ಲಿ ಒಲೆ ಹತ್ತಿರವೇ ಉಳಿದೆ. ಸೊಸೆ ತಟ್ಟೆಯೊಂದನ್ನು ತನ್ನ ಪಕ್ಕಕ್ಕೆ ಎಳೆದಿಟ್ಟು, "ಅತ್ತೆ, ಬರ್ರಿ, ಕುಂತ್ಕಳ್ರಿ, ಮುದ್ದೆ ಆರ್ತೈತೆ" ಅಂದಳು.

ಕುಂತೆ. ಮೊಮ್ಮಗಳು ತನ್ನ ಮುದ್ದೆ ಮುಗಿಸಿ ಅಜ್ಜನ ತಟ್ಟೆಯ ಕೋಳಿಕಾಲಿಗೆ ಕೈ ಹಾಕಿದ್ದಳು. ಯಾರೂ ಬೇಡ ಅನ್ನಲಿಲ್ಲ.